ಲಂಗರಿನ ತಲಕಟ್ಟು

ಕಂತು ಒಂಬತ್ತು

ಡಾಕ್ಟರು ಬ್ಯಾಂಡೇಜಿನ ಕೊನೆಯ ಸುತ್ತನ್ನು ಬಿಚ್ಚಿ ತಟ್ಟೆಗೆ ಹಾಕಿದರು. "ಕಿರುಬೆರಳಿನಿಂದ ಶುರು ಮಾಡಮ್ಮಾ. ಒಂದೊಂದಾಗಿ ಮಡಚು," ಎಂದು ತೆಲುಗಿನಲ್ಲಿ ಹೇಳಿದರು.

ಕೋಟೇಶ್ವರಮ್ಮನ ಕಿರುಬೆರಳು ಮಡಚಿತು. ಉಂಗುರದ ಬೆರಳು ತುಸು ತಡವಾಗಿ, ನಡುಗುತ್ತ ಮಡಚಿತು. ನಡುಬೆರಳು ಅಲುಗಲಿಲ್ಲ.

ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದ ಮೇಧಾ ತನಗೆ ತಿಳಿಯದಂತೆಯೇ ತನ್ನ ನಡುಬೆರಳನ್ನು ಮಡಚಿ ಹಿಡಿದಿದ್ದಳು.

ಕೊನೆಗೆ ಆ ಬೆರಳೂ, ನಿದ್ದೆಯಿಂದ ಎಬ್ಬಿಸಿದವರ ಹಾಗೆ, ಬೇಸರದಿಂದ ಬಾಗಿತು.

"ನರ ಕಡಿದಿಲ್ಲ, ಮೂಳೆಯೂ ನೆಟ್ಟಗಿದೆ," ಡಾಕ್ಟರು ಕೈಗವಸು ಕಳಚಿದರು. "ಮೂರು ವಾರ ಭಾರ ಎತ್ತಬಾರದು. ಆಮೇಲೆ ಕೆಲಸಕ್ಕೆ ಹೋಗಬಹುದು."

"ಮೂಡು ವಾರಾಲಾ?" ಕೋಟೇಶ್ವರಮ್ಮ ಗಾಬರಿಯಾದಳು. "ಅಷ್ಟು ದಿನ ನನ್ನ ಮೊಮ್ಮಗಳಿಗೆ ಜಡೆ ಯಾರು ಹಾಕುವುದು? ಅದರ ಅಪ್ಪ ಹಾಕಿದರೆ ಹಗ್ಗ ಹೊಸೆದ ಹಾಗೆ ಇರುತ್ತದೆ!"

ಮೇಧಾ ನಕ್ಕುಬಿಟ್ಟಳು. ಎರಡು ದಿನಗಳಲ್ಲಿ ಅದು ಅವಳ ಮೊದಲ ನಗು.

ಬುಧವಾರ ಬೆಳಗ್ಗೆ, ಕೊಂಡಪಲ್ಲಿಯ ಸಮೀಪದ ಒಂದು ಖಾಸಗಿ ವಿದ್ಯುತ್ ಘಟಕದಲ್ಲಿ, ಕಲ್ಲಿದ್ದಲು ಸಾಗಿಸುವ ಬೆಲ್ಟಿಗೆ ಈ ಹೆಂಗಸಿನ ಕೈ ಸಿಕ್ಕಿತ್ತು. ಜೊತೆಯವರು ನಿಲುಗಡೆ ಹಗ್ಗವನ್ನು ಎಳೆದಾಗ ಒಂದು ಸೆಕೆಂಡಿನಲ್ಲಿ ನಿಲ್ಲಬೇಕಾದ ಬೆಲ್ಟು ನಾಲ್ಕು ಸೆಕೆಂಡು ಓಡಿತ್ತು. ಬೆಲ್ಟನ್ನು ನಡೆಸುವ ತಂತ್ರಾಂಶದ ಹೊಸ ಆವೃತ್ತಿ ಹಿಂದಿನ ಸಂಜೆಯಷ್ಟೇ ವಿಶಾಖಪಟ್ಟಣದಿಂದ, ಋಷಿಕೊಂಡದ ಗುಡ್ಡದ ಮೇಲಿನ ಮೇಧಾಳ ಕಚೇರಿಯಿಂದ, ಬಂದಿತ್ತು. ನಿಲುಗಡೆಯ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗಿದೆ ಎಂದು ದಾಖಲೆ ಹೇಳುತ್ತಿತ್ತು. ಆದರೆ ಆ ಪರೀಕ್ಷೆ ನಡೆದೇ ಇರಲಿಲ್ಲ.

ಪರೀಕ್ಷೆಯನ್ನು ಬೇಕೆಂದೇ ತಪ್ಪಿಸಿದವನು ಅಭಿ ಎಂದು ತಂಡದ ಮುಖ್ಯಸ್ಥ ಗುರುದತ್ತ ವರದಿ ಬರೆದಿಟ್ಟಿದ್ದ. ಶುಕ್ರವಾರ ಸಂಜೆ ಐದಕ್ಕೆ ಅದು ಘಟಕಕ್ಕೆ ಹೋಗುವುದಿತ್ತು. ಹೋದರೆ ಧಾರವಾಡದ ಆ ಇಪ್ಪತ್ನಾಲ್ಕರ ತರುಣನಿಗೆ ಈ ಕೆಲಸವೂ ಇಲ್ಲ, ಈ ಕ್ಷೇತ್ರದಲ್ಲಿ ಮತ್ತೊಂದು ಕೆಲಸವೂ ಇಲ್ಲ.

ಇಂದು ಗುರುವಾರ.

ಮೇಧಾ ಚೀಲದಿಂದ ಕಾಗದಗಳನ್ನು ತೆಗೆದು, ಹಗ್ಗ ಎಳೆದ ಹೊತ್ತು, ಬೆಲ್ಟು ನಿಂತ ಹೊತ್ತು ಎರಡನ್ನೂ ಕೋಟೇಶ್ವರಮ್ಮನಿಂದ ಕೇಳಿ ಬರೆದುಕೊಂಡಳು. ಆಗ ಒಂದು ಹಾಳೆ ಹಾಸಿಗೆಯ ಮೇಲೆ ಜಾರಿತು. ಮಂಗಳವಾರದ ಲಾಗ್‌ನಲ್ಲಿ, ಎಂದರೆ ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆಯಲ್ಲಿ, ಸಿಕ್ಕಿದ ಒಂದೇ ಒಂದು ವಿಚಿತ್ರ ಸಾಲನ್ನು ದೊಡ್ಡಕ್ಷರದಲ್ಲಿ ಮುದ್ರಿಸಿಕೊಂಡ ಹಾಳೆ ಅದು. 'ಲಂಗರು' ಎಂಬ ಫೋಲ್ಡರ್ ಇಲ್ಲ ಎಂದು ಆ ಸಾಲು, ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ, ಹೇಳುತ್ತಿತ್ತು. ನಿಲುಗಡೆಯ ಪರೀಕ್ಷೆ ಇರುವುದು ಆ ಫೋಲ್ಡರಿನಲ್ಲಿಯೇ. ವಿಚಿತ್ರವೆಂದರೆ, ಫೋಲ್ಡರ್ ಎಲ್ಲರ ಕಣ್ಣೆದುರಿಗೇ ಇತ್ತು.

ಕೋಟೇಶ್ವರಮ್ಮ ಎಡಗೈಯಲ್ಲಿ ಹಾಳೆಯನ್ನು ಎತ್ತಿಕೊಂಡಳು. ಬೆಲ್ಟಿನ ಬಳಿಯ ಕಪ್ಪುಹಲಗೆಯ ಮೇಲೆ ದಿನದ ಎಚ್ಚರಿಕೆಯ ಮಾತನ್ನು ಸುಣ್ಣದಕಡ್ಡಿಯಲ್ಲಿ ಬರೆಯುವವಳು ಆಕೆಯೇ. ಅಕ್ಷರದ ಅಂದಚೆಂದದಲ್ಲಿ ತನ್ನನ್ನು ಮೀರಿಸುವವರು ಆ ಪಾಳಿಯಲ್ಲಿ ಇಲ್ಲವೆಂಬ ಹೆಮ್ಮೆಯೂ ಆಕೆಗಿತ್ತು.

"ಯಾರು ಬರೆದಿದ್ದಮ್ಮಾ ಇದು?"

"ಯಾಕಮ್ಮಾ? ಓದೋಕೆ ಆಗಲ್ವಾ?"

"ಯಾಕಾಗದು? ಇದಿ ಲಂಗರು." ಆಕೆ ಹಾಳೆಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಕಾನಿ ತಲಕಟ್ಟು ಮಾದಿ ಕಾದು."

ತಲಕಟ್ಟು ನಮ್ಮದಲ್ಲ.

ಮೇಧಾಳ ಲೇಖನಿ ನಿಂತಿತು.

"ನಮ್ಮ ಗ-ಕ್ಕೆ, ನಮ್ಮ ರ-ಕ್ಕೆ ತಲೆಯ ಮೇಲೆ ಸರಿ ಗುರುತಿನ ಹಾಗೆ ಒಂದು ಗೀಟು ಬರುತ್ತದೆ ಕದಾ? ಇಲ್ಲಿ ನೋಡು, ಮಲಗಿದೆ. ಇದು ನಿಮ್ಮ ಕಡೆಯ ಬರಹ."

ಮೇಧಾ ಹಾಳೆಯನ್ನು ಕಿತ್ತುಕೊಂಡಂತೆಯೇ ತೆಗೆದುಕೊಂಡಳು. ನಿನ್ನೆಯಿಂದ ಅದನ್ನು ನೂರು ಬಾರಿ ಓದಿದ್ದಳು. ಓದಲು ಬಂದದ್ದೇ ತೊಂದರೆಯಾಗಿತ್ತು. ಎರಡು ವರ್ಷಗಳಿಂದ ಅಂಗಡಿಯ ಫಲಕ, ಬಸ್ಸಿನ ಹಲಗೆ, ಹಾಲಿನ ಪೊಟ್ಟಣ ಎಲ್ಲವನ್ನೂ ತೆಲುಗಿನಲ್ಲಿ ಓದಿ ಓದಿ, ಯಾವ ಅಕ್ಷರ ಯಾವ ಭಾಷೆಯದೆಂದು ವಿಂಗಡಿಸುವ ಅಭ್ಯಾಸವೇ ಅವಳ ಕಣ್ಣಿಗೆ ತಪ್ಪಿಹೋಗಿತ್ತು.

"ಅಮ್ಮಾ," ಎಂದಳು, "ಮುಂದಿನ ತಿಂಗಳು ಬಂದು ನಾನೇ ನಿಮ್ಮ ಮೊಮ್ಮಗಳಿಗೆ ಜಡೆ ಹಾಕ್ತೀನಿ."

"ಮುಂದಿನ ತಿಂಗಳು ನನ್ನ ಕೈ ಸರಿಯಾಗಿರುತ್ತದೆ. ಈ ವಾರ ಬಾ!"

ವಿಜಯವಾಡ ನಿಲ್ದಾಣದ ಪ್ಲಾಟ್‌ಫಾರ್ಮಿನಿಂದಲೇ ಅವಳು ಅಭಿಗೆ ಫೋನ್ ಮಾಡಿದಳು.

"ಕೈ ಉಳೀತು ಕಣೋ. ಮೂರು ಬೆರಳೂ ಮಡಚಿದರು. ಇನ್ನೊಂದು ವಿಷಯ, ನಿನ್ನ ಹೆಸರೂ ಉಳಿಯುತ್ತೆ. ಲಾಗ್‌ನ ಆ ಸಾಲು ಸುಳ್ಳಲ್ಲ ಅನ್ನೋದಕ್ಕೆ ಕಾರಣ ಸಿಕ್ಕಿದೆ."

"ಕೈ ಉಳೀತಲ್ರಿ ಅಕ್ಕಾರ? ಅಷ್ಟ ಸಾಕ್ರಿ," ಎಂದ ಅಭಿ. "ನಂದ ಹೆಸರು ಹೋದ್ರ ಹೋಗ್ಲಿ. ಹಿಂದಿಂದೆಲ್ಲಾ ಕೆದಕಾಕ ಹೋಗಬ್ಯಾಡ್ರಿ."

"ಹುಚ್ಚನ ಹಾಗೆ ಮಾತಾಡಬೇಡ. ಊಟ ಮಾಡಿದ್ಯಾ?"

"ಮಾಡೇನ್ರಿ."

ಮಾಡಿಲ್ಲವೆಂದು ದನಿಯಲ್ಲೇ ತಿಳಿಯುತ್ತಿತ್ತು. ದಣಿದ ಹುಡುಗ ಏನೋ ಅಂದ ಎಂದುಕೊಂಡು ಅವಳು ರೈಲು ಹತ್ತಿದಳು.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ಸಭೆಯ ಕೋಣೆಯ ಗಾಜಿನಾಚೆ ಋಷಿಕೊಂಡದ ಕಡಲು ಬಿಸಿಲಿಗೆ ಮಿನುಗುತ್ತಿತ್ತು. ಒಳಗೆ ನಾಲ್ವರು. ಕಚೇರಿಯ ಹಿರಿಯ ರಾಮ್‌ಪ್ರಸಾದ್, ಗುಂಟೂರಿನವರು, ಬೆಂಗಳೂರಿನಲ್ಲಿ ಎಂಟು ವರ್ಷ ದುಡಿದು ಕನ್ನಡವನ್ನು ತಮ್ಮದೇ ಧಾಟಿಗೆ ಒಗ್ಗಿಸಿಕೊಂಡವರು. ಅವರ ಬಲಕ್ಕೆ ಉಡುಪಿಯ ಗುರುದತ್ತ, ಎದುರಿಗೆ ಮುದ್ರಿಸಿಟ್ಟ ವರದಿ. ಬಾಗಿಲ ಬಳಿಯ ಕುರ್ಚಿಯಲ್ಲಿ ಅಭಿ. ಮೇಧಾ ನಿಂತೇ ಇದ್ದಳು.

"ನೋಡಿ ಮೇಧಾ," ಗುರುದತ್ತ ಪರದೆಯತ್ತ ಬೆರಳು ತೋರಿಸಿದ. "ಲಂಗರು ಫೋಲ್ಡರ್ ಇಲ್ಲಿಯೇ ಉಂಟು. ಕಾಣ್ತದಲ್ಲ? ಲಾಗ್ ಮಾತ್ರ ಇಲ್ಲ ಅಂತ ಹೇಳ್ತದೆ. ಎರಡರಲ್ಲಿ ಒಂದು ಸುಳ್ಳಾಗಬೇಕು. ಫೋಲ್ಡರ್ ಸುಳ್ಳು ಹೇಳ್ತದಾ? ಪರೀಕ್ಷೆ ಬಿಟ್ಟು, ಆಮೇಲೆ ಆ ಸಾಲನ್ನು ಇವನೇ ಬರೆದು ಸೇರಿಸಿದ್ದು. ಪರೀಕ್ಷೆಯ ಆಜ್ಞೆಗಳಿರುವ ಕಡತಕ್ಕೆ ಕಡೆಗೆ ಕೈ ಹಾಕಿದ್ದೂ ಇವನೇ, ಮಂಗಳವಾರ."

"ನಾ ಬರೇ ಮ್ಯಾಲಿನ ತಾರೀಖು ತಿದ್ದೇನ್ರಿ," ಅಭಿ ನೆಲವನ್ನೇ ನೋಡುತ್ತ ಹೇಳಿದ.

"ಎರಡೂ ನಿಜ ಹೇಳ್ತಿವೆ, ಸರ್," ಎಂದಳು ಮೇಧಾ.

ಅವಳು ಗೋಡೆಯ ಬಿಳಿ ಹಲಗೆಯ ಮೇಲೆ ಎರಡು ಸಾಲು ಸಂಖ್ಯೆಗಳನ್ನು ಬರೆದಳು.

3122, 3074, 3095, 3120, 3137.

3250, 3202, 3223, 3248, 3265.

"ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಕ್ಷರದ ಸಂಖ್ಯೆ ಗೊತ್ತು. ಮೇಲಿನ ಸಾಲು ಫೋಲ್ಡರಿನ ಹೆಸರು. ಕೆಳಗಿನದು ಲಾಗ್‌ನಲ್ಲಿರೋ ಹೆಸರು. ಎರಡರಲ್ಲೂ ಐದೈದು ಸಂಖ್ಯೆ. ಒಂದೊಂದನ್ನೂ ಕಳೆದು ನೋಡಿ."

ರಾಮ್‌ಪ್ರಸಾದ್ ತುಟಿಯಲ್ಲೇ ಲೆಕ್ಕ ಹಾಕಿದರು. "ನೂರಿಪ್ಪತ್ತೆಂಟು. ಇದೂ ನೂರಿಪ್ಪತ್ತೆಂಟು. ಅನ್ನೀ ಅಂತೇನಾ?"

"ಐದೂ ಅಷ್ಟೇ. ತೆಲುಗಿನ ಒಂದೊಂದು ಅಕ್ಷರಕ್ಕೂ ಕನ್ನಡದ ಜೋಡಿ ಅಕ್ಷರಕ್ಕೂ ಸರಿಯಾಗಿ ನೂರಿಪ್ಪತ್ತೆಂಟರ ಅಂತರ." ಅವಳು ಎರಡು ಪದಗಳನ್ನೂ ದೊಡ್ಡದಾಗಿ ಬರೆದಳು. "ಇದು ತೆಲುಗು: లంగరు. ಇದು ಕನ್ನಡ: ಲಂಗರು. ಅರ್ಥ ಒಂದೇ, ಉಚ್ಚಾರ ಒಂದೇ. ವ್ಯತ್ಯಾಸ ತಲಕಟ್ಟಿನಲ್ಲಿದೆ."

ರಾಮ್‌ಪ್ರಸಾದ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಪರೀಕ್ಷೆಯ ಫೋಲ್ಡರುಗಳಲ್ಲಿ ಒಂದಕ್ಕಾದರೂ ಊರ ಭಾಷೆಯ ಹೆಸರಿರಬೇಕು ಎಂಬ ನಿಯಮ ಮಾಡಿದ್ದವರು ಅವರೇ. ಗಿರಾಕಿಗಳು ತೆಲುಗಿನಲ್ಲಿ ಹೆಸರಿಟ್ಟರೂ ತಂತ್ರಾಂಶ ಎಡವಬಾರದು ಎಂಬುದು ಅದರ ಉದ್ದೇಶ. ಹಡಗನ್ನು ನಿಲ್ಲಿಸುವುದು ಲಂಗರಾದ್ದರಿಂದ ನಿಲುಗಡೆಯ ಪರೀಕ್ಷೆಗೆ ಆ ಹೆಸರನ್ನು ಆರಿಸಿದ್ದವರೂ ಅವರೇ.

"ಏಮಂಡೀ ಇದು!" ಅವರು ಮೇಜು ತಟ್ಟಿದರು. "ನನ್ನ ತೆಲುಗು ಲಂಗರಿಗೆ ಯಾರೋ ಮೈಸೂರು ಪೇಟ ತೊಡಿಸಿಬಿಟ್ಟಿದ್ದಾರಲ್ಲ!"

ಗುರುದತ್ತ ನಗಲಿಲ್ಲ. "ಸರಿ, ಒಪ್ಪಿದೆ. ಹೆಸರು ಬೇರೆ, ಆದ್ದರಿಂದ ಫೋಲ್ಡರ್ ಸಿಗಲಿಲ್ಲ. ಆದರೆ ಸಿಗದೆ ಹೋದರೆ ಮೇಸ್ತ್ರಿ ನಿಲ್ಲಬೇಕಿತ್ತಲ್ಲ ಮಾರಾಯ್ರೇ? ನಿಲ್ಲಲಿಲ್ಲ. ನಿಲ್ಲದ ಹಾಗೆ ಮಾಡಿದ್ದು ಯಾರು?"

ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿತ್ತು. ಮೇಸ್ತ್ರಿ ಎಂಬುದು ಅವರ ಕಚೇರಿಯ ನಿರ್ಮಾಣ ಸಾಧನಕ್ಕೆ ಇಟ್ಟ ಹೆಸರು. ಬಿಡಿ ಕಡತಗಳನ್ನು ಜೋಡಿಸಿ, ಪರೀಕ್ಷಿಸಿ, ಪೂರ್ತಿ ತಂತ್ರಾಂಶವಾಗಿ ಕಟ್ಟಿಕೊಡುವುದು ಅದರ ಕೆಲಸ. ಅದು ಶೆಲ್ ಎಂಬ ಕಿಟಕಿಯ ಮೂಲಕ ಕಂಪ್ಯೂಟರಿಗೆ ಒಂದೊಂದೇ ಆಜ್ಞೆಯನ್ನು ಒಪ್ಪಿಸುತ್ತದೆ. ಪ್ರತಿ ಆಜ್ಞೆಯೂ ಮುಗಿದು ಹೋಗುವಾಗ ಒಂದು ಸಂಖ್ಯೆಯನ್ನು ಹೇಳಿಹೋಗುತ್ತದೆ. ಸೊನ್ನೆ ಎಂದರೆ ಎಲ್ಲ ಕ್ಷೇಮ, ಬೇರೆ ಯಾವುದೇ ಸಂಖ್ಯೆ ಎಂದರೆ ಸೋಲು. ಸೋಲು ಕಂಡ ಕೂಡಲೇ ಮೇಸ್ತ್ರಿ ಕೆಲಸ ನಿಲ್ಲಿಸಿ ಪರದೆಯನ್ನು ಕೆಂಪಾಗಿಸಬೇಕು.

"ಅದನ್ನೇ ಪರೀಕ್ಷೆ ಮಾಡೋಣ," ಎಂದು ಮೇಧಾ ಲ್ಯಾಪ್‌ಟಾಪಿನ ಮುಂದೆ ಕುಳಿತಳು. "ಶೆಲ್‌ನಲ್ಲಿ ಒಂದು ಆಜ್ಞೆ ಇದೆ. ಅದರ ಕೆಲಸವೇ ಸೋಲೋದು. ಬೇರೇನೂ ಮಾಡಲ್ಲ. ಅದನ್ನು ಮೇಸ್ತ್ರಿಗೆ ಕೊಡ್ತೀನಿ."

"ಅಂಥ ಕೆಲಸದವರು ನಮ್ಮ ಆಫೀಸಲ್ಲಿ ಇನ್ನೂ ಇಬ್ಬರಿದಾರೆ," ಎಂದರು ರಾಮ್‌ಪ್ರಸಾದ್.

ಮೇಧಾ ಗುಂಡಿ ಒತ್ತಿದಳು. ಪರದೆ ಕೆಂಪಾಯಿತು. ಮೇಸ್ತ್ರಿ ನಿಂತಿತು.

"ಸರಿಯಾಗಿಯೇ ಉಂಟಲ್ಲ," ಎಂದ ಗುರುದತ್ತ.

"ಈಗ ಇಲ್ಲದೇ ಇರೋ ಫೋಲ್ಡರಿಗೆ ಹೋಗು ಅಂತ ಹೇಳ್ತೀನಿ."

ಮತ್ತೆ ಕೆಂಪು.

"ಇನ್ನು ಮೂರನೆಯದು. ಅದೇ ಸೋಲುವ ಆಜ್ಞೆ, ಆದರೆ ನಮ್ಮ ಕಡತಗಳಲ್ಲಿ ಬರೆದಿರೋ ರೀತಿಯಲ್ಲೇ. ಅಂದರೆ, ಮುಂದೆ ಒಂದು ಕೊಳವೆ ಜೋಡಿಸಿ. ಆಜ್ಞೆ ಹೇಳಿದ್ದೆಲ್ಲ ಕೊಳವೆಯಲ್ಲಿ ಹರಿದು, ಕೊನೆಯಲ್ಲಿರೋ ಇನ್ನೊಂದು ಆಜ್ಞೆ ಅದನ್ನು ಲಾಗ್‌ಗೆ ಬರೆದಿಡುತ್ತೆ."

ಅವಳು ಒತ್ತಿದಳು.

ಪರದೆ ಹಸಿರಾಯಿತು. ಎಲ್ಲ ಪರೀಕ್ಷೆಗಳೂ ಯಶಸ್ವಿ ಎಂದು ಮೇಸ್ತ್ರಿ ಘೋಷಿಸಿತು.

ಗುರುದತ್ತ ಪರದೆಯತ್ತ ಬಗ್ಗಿದ.

"ಕೊಳವೆ ಇದ್ದರೆ ಶೆಲ್ ಹೇಳೋದು ಕಡೆಯ ಆಜ್ಞೆಯ ಸಂಖ್ಯೆ ಮಾತ್ರ," ಮೇಧಾ ನಿಧಾನವಾಗಿ ಹೇಳಿದಳು. "ಮೊದಲನೆಯದು ಸೋತಿತು. ಕಡೆಯದು, 'ಸೋತಿತು' ಅನ್ನೋದನ್ನು ಅಚ್ಚುಕಟ್ಟಾಗಿ ಬರೆದಿಟ್ಟು, ಸೊನ್ನೆ ಅಂತ ಹೇಳಿ ಹೋಯಿತು. ಮೇಸ್ತ್ರಿಗೆ ಕೇಳಿಸಿದ್ದು ಆ ಸೊನ್ನೆ. ಯಾರೂ ಪರೀಕ್ಷೆಯನ್ನು ತಪ್ಪಿಸಿಲ್ಲ, ಸರ್. ಇದು ಎಲ್ಲ ಹಂತಗಳಲ್ಲೂ ಹೀಗೇ ಇದೆ, ಆಗಸ್ಟ್‌ನಿಂದ."

ಆಗಸ್ಟ್ ಎಂಬ ಮಾತು ಗುರುದತ್ತನ ಮುಖದ ಮೇಲೆ ಬಂದು ಕುಳಿತಿತು. ಅವನು ಲೇಖನಿಯ ಮುಚ್ಚಳವನ್ನು ತೆಗೆದ, ಹಾಕಿದ, ಮತ್ತೆ ತೆಗೆದ.

"ಆ ಕೊಳವೆ ಹಾಕಿದ್ದು ನಾನು," ಎಂದ ಕೊನೆಗೆ.

ರಾಮ್‌ಪ್ರಸಾದ್ ಅವನ ಕಡೆ ತಿರುಗಿದರು.

"ಲಾಗ್ ಉಳಿಯಲಿ ಅಂತ ಹಾಕಿದ್ದು. ಉಳೀತದಾ ಅಂತ ನೋಡಿದೆ. ಸೋತರೆ ನಿಲ್ತದಾ ಅಂತ ನೋಡಲಿಲ್ಲ." ಅವನು ಅಭಿಯ ಕಡೆ ತಿರುಗಿದ. "ನಿನ್ನ ಬಗ್ಗೆ ನಾನು ಬರೆದದ್ದು ತಪ್ಪು, ಅಭಿ. ಆ ಕೈ ಹೋಗಿದ್ದರೆ ನಾನು ಎಂತ ಮಾಡ್ತಿದ್ದೆ ಅಂತ ನನಗೇ ಗೊತ್ತಿಲ್ಲ."

ಅವನು ವರದಿಯನ್ನು ಎಳೆದುಕೊಂಡು ಅಭಿಯ ಹೆಸರಿದ್ದ ಜಾಗದಲ್ಲೆಲ್ಲ ಗೀಟು ಹಾಕಿದ. ಮೂರು ಕಡೆ ಇತ್ತು, ಮೂರು ಗೀಟು. ಮೂರನೆಯದನ್ನು ಎಳೆದಾಗ ಮೇಧಾ ಕುರ್ಚಿಗೆ ಒರಗಿದಳು. ವಿಜಯವಾಡದಿಂದ ಬಿಗಿಹಿಡಿದು ತಂದಿದ್ದ ಬೆನ್ನು ಆಗ ಸಡಿಲವಾಯಿತು.

ಕೊಳವೆಯ ಯಾವ ತುದಿಯಲ್ಲಿ ಸೋತರೂ ಸೋಲೆಂದೇ ಎಣಿಸಬೇಕು ಎಂಬ ಒಂದು ಸಾಲನ್ನು ಗುರುದತ್ತನೇ ಮೇಸ್ತ್ರಿಗೆ ಸೇರಿಸಿದ. ಮೂರನೆಯ ಪರೀಕ್ಷೆಯನ್ನು ಮತ್ತೆ ನಡೆಸಿದರು. ಪರದೆ ಕೆಂಪಾಯಿತು. ರಾಮ್‌ಪ್ರಸಾದ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಕಚೇರಿಯಲ್ಲಿ ಕೆಂಪು ಬಣ್ಣಕ್ಕೆ ಅಂಥ ಸ್ವಾಗತ ಹಿಂದೆಂದೂ ಸಿಕ್ಕಿರಲಿಲ್ಲ.

ಆಮೇಲೆ ಪದವನ್ನು ತೆಲುಗಿಗೆ ತಿದ್ದಿ, ಮಂಗಳವಾರದ ಆವೃತ್ತಿಯ ಮೇಲೆ ನಿಲುಗಡೆಯ ಪರೀಕ್ಷೆಯನ್ನು ನಡೆಸಿದರು. ಹಗ್ಗ ಎಳೆದ ಮೇಲೆ ಬೆಲ್ಟು ನಿಲ್ಲಲು ನಾಲ್ಕು ಸೆಕೆಂಡು, ಅನುತ್ತೀರ್ಣ ಎಂದಿತು ಅದು. ಬುಧವಾರ ಕೋಟೇಶ್ವರಮ್ಮನ ಕೈ ಹೇಳಿದ್ದನ್ನೇ, ಮಂಗಳವಾರವೇ ಹೇಳಲು ಅದು ಕಾದು ಕುಳಿತಿತ್ತು.

"ಸದ್ಯ, ಇನ್ನಾರಿಗೂ ಆಗಲ್ಲ," ಎಂದರು ರಾಮ್‌ಪ್ರಸಾದ್. "ಹಳೆಯ ಆವೃತ್ತಿಯನ್ನು ಘಟಕಕ್ಕೆ ಈಗಲೇ ಕಳಿಸ್ತೀನಿ. ಗುರುದತ್ತಗಾರೂ, ಕೊಳವೆ ವಿಷಯ ನನ್ನ ಹೆಸರಲ್ಲಿ ಬರೀರಿ. ಅದನ್ನು ನೋಡಿ ಒಪ್ಪಿದ್ದು ನಾನು."

ಚಹಾ ಬಂತು, ಜೊತೆಗೆ ಪುನುಗುಲು ಎಂಬ ಬಿಸಿ ಪುಟ್ಟ ಬೋಂಡಾ ಬಂತು. ಅಭಿಯ ಮುಂದೆ ತಟ್ಟೆ ಇಟ್ಟಾಗ ಅವನು ಎರಡು ದಿನದ ಹಸಿವನ್ನು ಒಮ್ಮೆಲೇ ನೆನಪಿಸಿಕೊಂಡವನಂತೆ ತಿನ್ನತೊಡಗಿದ.

"ಮೆಲ್ಲಗೆ ತಿನ್ನೋ. ಊಟ ಮಾಡಿದ್ದೆ ಅಂದ್ಯಲ್ಲ ನಿನ್ನೆ?"

"ಊಟ ಮಾಡಿದ್ನಿರಿ. ಹೊಟ್ಟಿಗೆ ಗೊತ್ತಾಗಿಲ್ಲ ನೋಡ್ರಿ."

ಗುರುದತ್ತನೂ ನಕ್ಕ. ಕೋಣೆಯಲ್ಲಿದ್ದ ಮೂರು ದಿನಗಳ ಕಾವು ಆ ನಗುವಿನಲ್ಲಿ ಇಳಿಯಿತು.

ಬಾಗಿಲ ಬಳಿ ಹೋಗಿದ್ದ ರಾಮ್‌ಪ್ರಸಾದ್ ತಿರುಗಿ ನಿಂತರು. "ಒಂದು ಮಾತು ಉಳೀತು, ಮೇಡಂ. ಪದ ಹೇಗೆ ಬದಲಾಯ್ತು ಅಂತ ಘಟಕದವರು ಕೇಳೇ ಕೇಳ್ತಾರೆ. ಖಾಲಿ ಬಿಟ್ಟರೆ ಮುಚ್ಚಿಡ್ತಿದೀವಿ ಅಂದ್ಕೋತಾರೆ. ಯಾರು, ಯಾವಾಗ, ಅಷ್ಟು ಬೇಕು. ಆ ಹೆಸರಿನವರನ್ನು ಘಟಕದವರು ತಮ್ಮ ಕೆಲಸದಿಂದ ತೆಗೆಸೋದು ತಪ್ಪಿದ್ದಲ್ಲ. ಏಂ ಚೇಸ್ತಾಂ, ಏನು ಮಾಡೋಕಾಗುತ್ತೆ?" ಅವರು ಮೂವರನ್ನೂ ಒಮ್ಮೆ ನೋಡಿದರು. "ಈ ಆಫೀಸಲ್ಲಿ ಕನ್ನಡ ಬರೆಯೋರು ಇರೋದೇ ಮೂರು ಜನ. ಐದಕ್ಕೆ ಮೊದಲು ಹೇಳಿ."

ಅವರೂ ಗುರುದತ್ತನೂ ಘಟಕಕ್ಕೆ ಫೋನ್ ಮಾಡಲು ಹೊರಗೆ ಹೋದರು.

ಮೇಧಾ ಕಡತದ ಬದಲಾವಣೆಗಳ ಇತಿಹಾಸವನ್ನು ತೆರೆದಳು. ಎಲ್ಲರೂ ಈತನಕ ಮೇಲಿನ ಒಂದೇ ನಮೂದನ್ನು, ಮಂಗಳವಾರದ್ದನ್ನು, ನೋಡಿ ಬಿಟ್ಟಿದ್ದರು. ಅದರ ಕೆಳಗೆ ಸೋಮವಾರದ್ದೊಂದಿತ್ತು. 'ಸಾಲಿನ ಕೊನೆಯ ಅನಗತ್ಯ ಖಾಲಿ ಜಾಗ ತೆಗೆದಿದೆ' ಎಂಬ ಒಕ್ಕಣೆ. ಅಂಥ ನಮೂದನ್ನು ಯಾರೂ ತೆರೆದು ನೋಡುವುದಿಲ್ಲ.

ಅವಳು ತೆರೆದಳು. ಹಳೆಯ ಸಾಲು, ಹೊಸ ಸಾಲು, ಒಂದರ ಕೆಳಗೊಂದು. ನೋಡಲು ಒಂದೇ. ಅಕ್ಷರಗಳನ್ನು ದೊಡ್ಡದು ಮಾಡಿದಳು. ಮೇಲಿನ ಗ-ದ ತಲೆಯ ಮೇಲೆ ಗೀಟು ಎದ್ದು ನಿಂತಿತ್ತು. ಕೆಳಗಿನ ಗ-ದ ತಲೆಯ ಮೇಲೆ ಮಲಗಿತ್ತು.

ಹೆಸರಿನ ಕಡೆ ಕಣ್ಣು ಹೊರಳಿತು.

ಬದಲಿಸಿದವರು: ಮೇಧಾ. ಸೋಮವಾರ, ಮಧ್ಯಾಹ್ನ 1:10.

ಎಲ್ಲವೂ ನೆನಪಿಗೆ ಬಂತು, ಅವಳ ಎಲ್ಲ ನೆನಪುಗಳಂತೆ ಕ್ರಮವಾಗಿ. ಊಟದ ಬಿಡುವು. ನವೆಂಬರ್ ಒಂದರ ರಾಜ್ಯೋತ್ಸವಕ್ಕೆ ವಿಶಾಖಪಟ್ಟಣದ ಕನ್ನಡಿಗರೆಲ್ಲ ಸೇರಲೆಂದು ಅವಳು ಬರೆಯುತ್ತಿದ್ದ ಆಹ್ವಾನಪತ್ರ. ಅದಕ್ಕಾಗಿ ಕನ್ನಡಕ್ಕೆ ತಿರುಗಿಸಿದ್ದ ಕೀಲಿಮಣೆ. ಪಕ್ಕದ ಪರದೆಯಲ್ಲಿ ಕಣ್ಣಿಗೆ ಚುಚ್ಚಿದ ಒಂದು ಖಾಲಿ ಜಾಗ. ಅದನ್ನು ಅಳಿಸುವಾಗ ಕೊನೆಯ ಪದವೂ ಅಳಿಸಿಹೋಯಿತು. ಅವಳು ಅದನ್ನು ಮತ್ತೆ ಬರೆದಳು. ಒಂದು ಅಕ್ಷರವೂ ತಪ್ಪದಂತೆ ಬರೆದಳು.

ಹೆಸರಿನ ಕೆಳಗೆ ಇನ್ನೊಂದು ಸಾಲಿತ್ತು.

ನೋಡಿ ಒಪ್ಪಿದವರು: ಅಭಿ. 1:14.

ಮೇಧಾ ತಲೆಯೆತ್ತಿದಳು. ಅಭಿ ತಿನ್ನುವುದನ್ನು ನಿಲ್ಲಿಸಿದ್ದ.

"ನಿನಗೆ ಗೊತ್ತಿತ್ತು," ಎಂದಳು.

"ಏನು ತಪ್ಪಾಗೇತಿ ಅಂತ ಗೊತ್ತಿರಲಿಲ್ರಿ. ಆ ವಾರ ಆ ಸಾಲು ಮುಟ್ಟಿದವರು ಯಾರು ಅಂತ ಮಾತ್ರ ಗೊತ್ತಿತ್ತು." ಅವನ ದನಿ ಬಹಳ ಸಣ್ಣದಾಗಿತ್ತು. "ಕೆದಕಬ್ಯಾಡ್ರಿ ಅಂದಿದ್ದೆ."

ಗಡಿಯಾರದಲ್ಲಿ ಐದಕ್ಕೆ ಹನ್ನೆರಡು ನಿಮಿಷವಿತ್ತು. ಬಾಗಿಲು ತೆರೆಯಿತು.

"ಹಳೆಯ ಆವೃತ್ತಿ ಹೋಯ್ತು, ಬೆಲ್ಟು ಒಂದೇ ಸೆಕೆಂಡಿಗೆ ನಿಲ್ತಿದೆ!" ರಾಮ್‌ಪ್ರಸಾದ್ ಹರ್ಷದಿಂದ ಒಳಗೆ ಬಂದರು, ಕೈಯಲ್ಲಿ ಹೊಸದಾಗಿ ಮುದ್ರಿಸಿದ ವರದಿ, ಅದರಲ್ಲಿ ತುಂಬಬೇಕಾದ ಒಂದೇ ಒಂದು ಖಾಲಿ ಜಾಗ. "ಮೇಡಂ, ಪೇರು ದೊರಿಕಿಂದಾ? ಹೆಸರು ಸಿಕ್ತಾ?"

ಮೇಧಾ ಬಾಯಿ ತೆರೆದಳು.

"ನಂದ ಬರಕೋರಿ, ಸರ್," ಎಂದ ಅಭಿ, ತಟ್ಟೆಯನ್ನು ಮೇಜಿನ ಮೇಲಿಟ್ಟು ಎದ್ದು ನಿಂತು. "ಸೋಮವಾರ ಮಧ್ಯಾಹ್ನ ಅಕ್ಕಾರು ಊಟಕ್ಕ ಹೋದಾಗ, ಅವರ ಕಂಪ್ಯೂಟರ್ ಮುಂದ ಕೂತು ನಾನ ತಿದ್ದಿದ್ದು. ಅದಕ್ಕ ಅಲ್ಲೆ ಅವರ ಹೆಸರು ಬಂದೈತಿ."

ರಾಮ್‌ಪ್ರಸಾದರ ಲೇಖನಿ ಖಾಲಿ ಜಾಗದ ಮೇಲೆ ನಿಂತಿತು. ಅವರು ಮೇಧಾಳನ್ನು ನೋಡಿದರು.

ಸೋಮವಾರ ಅವಳು ಊಟಕ್ಕೆ ಎದ್ದೇ ಇರಲಿಲ್ಲ.